ಗುರುವಾರ ಸಂಜೆ ನಿಲ್ಲುತ್ತಿದ್ದ ಬಸ್ಸುಗಳು: ಕಾಫ್ಕಾ ಸರ್ವರ್ ಗಾತ್ರ ಆರಿಸಿದ ನನ್ನ ಅನುಭವ

ನಮ್ಮದು ಬೆಂಗಳೂರಿನ ಸಣ್ಣ ತಂಡ. ಶಾಲಾ ಬಸ್ಸುಗಳಲ್ಲಿ ಜಿಪಿಎಸ್ ಸಾಧನ ಇರುತ್ತದಲ್ಲ, ಅದು ಕಳಿಸುವ ಮಾಹಿತಿಯನ್ನು ಅಪ್ಪ-ಅಮ್ಮಂದಿರ ಫೋನಿಗೆ ತಲುಪಿಸುವುದು ನಮ್ಮ ಕೆಲಸ. ಬಸ್ ಎಲ್ಲಿದೆ, ಸ್ಟಾಪಿಗೆ ಎಷ್ಟು ನಿಮಿಷದಲ್ಲಿ ಬರುತ್ತದೆ, ಇಷ್ಟೇ. ಜೊತೆಗೆ ಒಂದಷ್ಟು ಆಫೀಸ್ ಕ್ಯಾಬ್‌ಗಳು ರಾತ್ರಿಯೂ ಓಡುತ್ತವೆ. ಈ ಮೆಸೇಜ್‌ಗಳನ್ನೆಲ್ಲ ನಡುವೆ ಹಿಡಿದಿಟ್ಟು ಹಂಚಲು ಕಾಫ್ಕಾ ಇದೆ. ಅದನ್ನು ನಾವೇ ನಡೆಸುವಷ್ಟು ಜನ ನಮ್ಮಲ್ಲಿಲ್ಲ. ಹಾಗಾಗಿ ಅಮೆಜಾನ್ ನಡೆಸಿಕೊಡುವ ಕಾಫ್ಕಾ ಸೇವೆ, ಎಂಎಸ್‌ಕೆ ತೆಗೆದುಕೊಂಡೆವು. ಸರ್ವರ್ ನಡೆಸುವುದು, ಪ್ಯಾಚ್ ಹಾಕುವುದು ಅವರ ಕೆಲಸ. ಆದರೆ ಎಷ್ಟು ದೊಡ್ಡ ಬ್ರೋಕರ್ (ಕಾಫ್ಕಾ ಓಡುವ ಸರ್ವರ್) ಬೇಕು ಅನ್ನುವುದನ್ನು ನಾವೇ ಹೇಳಬೇಕು. ಆ ಲೆಕ್ಕ ಹಾಕಿದ್ದು ನಾನು.

ನನ್ನ ಲೆಕ್ಕ ತುಂಬಾ ಸರಳವಾಗಿತ್ತು. ಸುಮಾರು 6,000 ವಾಹನ, ಐದು ಸೆಕೆಂಡಿಗೊಂದು ಮೆಸೇಜ್. ಅಂದರೆ ಸೆಕೆಂಡಿಗೆ 1,200. ಒಂದೊಂದೂ 500 ಬೈಟ್. ಒಟ್ಟು ಸೆಕೆಂಡಿಗೆ 0.6 ಎಂಬಿ. ಇಷ್ಟಕ್ಕೆ ದೊಡ್ಡ ಸರ್ವರ್ ಯಾಕೆ ಅಂದುಕೊಂಡೆ. ಅಮೆಜಾನ್‌ನ ಮುಂಬೈ ರೀಜನ್‌ನ ಮೂರು ಝೋನ್‌ಗಳಲ್ಲಿ (ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ) ಒಂದೊಂದರಂತೆ ಟಿ3.ಸ್ಮಾಲ್ ಎಂಬ ಸಣ್ಣ ಗಾತ್ರದ ಮೂರು ಬ್ರೋಕರ್ ಹಾಕಿದೆ. ಎರಡು ವಿಸಿಪಿಯು (ವರ್ಚುವಲ್ ಸಿಪಿಯು), 2 ಜಿಬಿ ಮೆಮೊರಿ. ಪರೀಕ್ಷೆಯಲ್ಲಿ ಎಲ್ಲವೂ ಚೆನ್ನಾಗಿತ್ತು.

ಶಾಲೆ ಶುರುವಾದ ಮೇಲೆ ಒಂದು ವಿಚಿತ್ರ ತೊಂದರೆ ಕಾಣಿಸಿತು. ಸೋಮವಾರ, ಮಂಗಳವಾರ, ಬುಧವಾರ ಏನೂ ಇಲ್ಲ. ಗುರುವಾರ ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಆ್ಯಪ್‌ನಲ್ಲಿ ಬಸ್ಸುಗಳು ನಿಂತಲ್ಲೇ ನಿಲ್ಲುತ್ತಿದ್ದವು. ಶುಕ್ರವಾರ ಸಂಜೆಯೂ ಹಾಗೆಯೇ. ಫೋನ್ ಮೇಲೆ ಫೋನ್. "ಸಾರ್, ಇಪ್ಪತ್ತು ನಿಮಿಷದಿಂದ ಬಸ್ ಅಲ್ಲೇ ತೋರಿಸ್ತಾ ಇದೆ, ಮಗು ಸೇಫಾಗಿದೆಯಾ?" ಎಂದು ಒಬ್ಬ ತಾಯಿ ಕೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಬಸ್ ಆರಾಮಾಗಿ ಓಡುತ್ತಿತ್ತು. ಅದರ ಮೆಸೇಜ್ ನಮ್ಮ ಕಾಫ್ಕಾದಲ್ಲಿ ಸಿಕ್ಕಿಕೊಂಡಿತ್ತು.

ಮೊದಲು ಮೊಬೈಲ್ ನೆಟ್‌ವರ್ಕ್ ಇರಬಹುದು ಎಂದು ನೋಡಿದೆವು. ಆಮೇಲೆ ನಮ್ಮ ಕೋಡ್ ನೋಡಿದೆವು. ಎರಡು ವಾರ ಹೀಗೇ ಹೋಯಿತು. ಕೊನೆಗೆ ಸಿಪಿಯು ಕ್ರೆಡಿಟ್ ಬ್ಯಾಲೆನ್ಸ್‌ನ ಗ್ರಾಫ್ ತೆಗೆದಾಗ ಉತ್ತರ ಕಣ್ಣೆದುರೇ ಇತ್ತು.

ಟಿ3 ಸರ್ವರ್ ಕೆಲಸ ಮಾಡುವ ರೀತಿಯೇ ಬೇರೆ. ಅದರಲ್ಲಿ ಪೂರ್ತಿ ಸಿಪಿಯು ಯಾವಾಗಲೂ ನಮ್ಮದಲ್ಲ. ಟಿ3.ಸ್ಮಾಲ್‌ಗೆ ಪ್ರತಿ ವಿಸಿಪಿಯುನಲ್ಲಿ ಶೇ 20ರಷ್ಟು ಮಾತ್ರ ಖಾಯಂ ಪಾಲು. ಗಂಟೆಗೆ 24 ಕ್ರೆಡಿಟ್ ಜಮಾ ಆಗುತ್ತದೆ, ಗರಿಷ್ಠ 576ರವರೆಗೆ ಕೂಡಿಡಬಹುದು. ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ಓಡಿದರೆ ಒಂದು ಕ್ರೆಡಿಟ್ ಖರ್ಚು. ಕ್ರೆಡಿಟ್ ಮುಗಿದರೆ ಮತ್ತೆ ಆ ಶೇ 20ಕ್ಕೇ ಇಳಿಯಬೇಕು.

ಈಗ ನಮ್ಮ ದಿನ ನೋಡಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ಮೂರರಿಂದ ಐದು, ಈ ಹೊತ್ತಿನಲ್ಲಿ ಸಿಪಿಯು ಶೇ 70. ಎರಡು ವಿಸಿಪಿಯು ಲೆಕ್ಕದಲ್ಲಿ ಗಂಟೆಗೆ 84 ಕ್ರೆಡಿಟ್ ಖರ್ಚು, 24 ಜಮಾ. ಅಂದರೆ ಗಂಟೆಗೆ 60 ನಷ್ಟ. ಬೆಳಿಗ್ಗೆ 150 ಹೋಯಿತು, ಸಂಜೆ 120. ಮಧ್ಯಾಹ್ನ ಶೇ 20ರಲ್ಲಿ ಓಡುವುದರಿಂದ ಜಮಾ ಆದದ್ದು ಖರ್ಚಿಗೆ ಸರಿ. ರಾತ್ರಿ ಕ್ಯಾಬ್‌ಗಳಿಂದ ಶೇ 10, ಹದಿಮೂರೂವರೆ ಗಂಟೆಯಲ್ಲಿ 162 ವಾಪಸ್ ಬರುತ್ತದೆ. ಒಟ್ಟಿನಲ್ಲಿ ದಿನಕ್ಕೆ 108 ಕರಗುತ್ತಿತ್ತು. ಸೋಮವಾರ ಬೆಳಿಗ್ಗೆ 550 ಇದ್ದದ್ದು ಗುರುವಾರ ಬೆಳಿಗ್ಗೆ 226. ಬೆಳಗಿನ ಪಾಳಿ ಮುಗಿದಾಗ 76. ಸಂಜೆ ಮೂರಕ್ಕೆ ಬಸ್ಸುಗಳು ಹೊರಟರೆ, ನಾಲ್ಕೂಕಾಲಿಗೆ ಸೊನ್ನೆ. ಶನಿವಾರ ಅರ್ಧ ದಿನ, ಭಾನುವಾರ ರಜೆ. ಅಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತಿತ್ತು. ಸೋಮವಾರ ನಾವು ಹುಡುಕಲು ಕೂತಾಗ ಎಲ್ಲವೂ ಸರಿ ಇರುತ್ತಿತ್ತು. ಇಡೀ ವಾರದ ಗ್ರಾಫನ್ನು ಒಟ್ಟಿಗೆ ನೋಡದೆ ಇದು ಗೊತ್ತಾಗುವಂತೆಯೇ ಇರಲಿಲ್ಲ.

ಆ ಶನಿವಾರ ರಾತ್ರಿಯೇ ಮೂರನ್ನೂ ಎಂ5.ಲಾರ್ಜ್‌ಗೆ ಬದಲಿಸಿದೆವು. ಇದೂ ಎರಡೇ ವಿಸಿಪಿಯು, ಆದರೆ ಕ್ರೆಡಿಟ್ ಕಾಟ ಇಲ್ಲ. ಮೆಮೊರಿ 8 ಜಿಬಿ. ಎಂಎಸ್‌ಕೆ ಒಂದೊಂದೇ ಬ್ರೋಕರನ್ನು ಕೆಳಗಿಳಿಸಿ, ಬದಲಿಸಿ, ಮೇಲೆತ್ತುತ್ತದೆ. ಒಂದಕ್ಕೆ ಹತ್ತು-ಹದಿನೈದು ನಿಮಿಷ. ನಮ್ಮ ಎಲ್ಲ ಟಾಪಿಕ್‌ಗಳಿಗೂ (ಒಂದೊಂದು ಬಗೆಯ ಮೆಸೇಜ್‌ಗಳ ಸಾಲುಗಳಿಗೂ) ಮೂರು ಪ್ರತಿ, ಕನಿಷ್ಠ ಎರಡು ಸಿಂಕ್‌ನಲ್ಲಿರಬೇಕು ಎಂಬ ಸೆಟ್ಟಿಂಗ್ ಇದ್ದುದರಿಂದ ಏನೂ ನಿಲ್ಲಲಿಲ್ಲ. ಡಿಸ್ಕ್ ಹಾಗೇ ಉಳಿಯುತ್ತದೆ, ಪಾರ್ಟಿಷನ್‌ಗಳನ್ನು (ಟಾಪಿಕ್‌ನ ತುಂಡುಗಳನ್ನು) ಅತ್ತಿತ್ತ ಸಾಗಿಸಬೇಕಾಗಿಲ್ಲ. ಮೂರರ ಬದಲು ಆರು ಬ್ರೋಕರ್ ಮಾಡಿದ್ದರೆ ಕೆಲಸ ಜಾಸ್ತಿ ಇತ್ತು. ಹೊಸ ಬ್ರೋಕರ್ ಬಂದ ತಕ್ಷಣ ಹಳೆಯ ಪಾರ್ಟಿಷನ್‌ಗಳು ತಾವಾಗಿಯೇ ಅದಕ್ಕೆ ಹೋಗುವುದಿಲ್ಲ, ನಾವೇ ಹಂಚಬೇಕು.

ಗುರುವಾರದ ತೊಂದರೆ ನಿಂತಿತು. ಆದರೆ ನನಗೆ ಸಮಾಧಾನ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಸಿಪಿಯು ಇನ್ನೂ ಶೇ 62. ಎಂಎಸ್‌ಕೆ ದಾಖಲೆಗಳಲ್ಲಿ ಶೇ 60ಕ್ಕಿಂತ ಕೆಳಗಿರಲಿ ಎಂಬ ಸಲಹೆ ಇದೆ. ಯಾಕೆ 60 ಅಂತ ಕೂತು ಯೋಚಿಸಿದಾಗಲೇ ನನಗೆ ಈ ಗಾತ್ರದ ವಿಷಯ ಸರಿಯಾಗಿ ತಲೆಗೆ ಹೋಗಿದ್ದು. ಮೂರು ಬ್ರೋಕರ್‌ನಲ್ಲಿ ಒಂದು ಬಿದ್ದರೆ ಅದರ ಕೆಲಸ ಉಳಿದ ಎರಡರ ಮೇಲೆ ಬೀಳುತ್ತದೆ. 62 ಇದ್ದದ್ದು 93 ಆಗುತ್ತದೆ. ಒಂದು ಬೀಳುವುದು ಅಪರೂಪವೂ ಅಲ್ಲ. ಪ್ಯಾಚ್ ಹಾಕುವಾಗ ಅವರು ಪ್ರತಿ ಸಲವೂ ಒಂದೊಂದಾಗಿ ಕೆಳಗಿಳಿಸುತ್ತಾರೆ. ಅಂದರೆ ಮೂರು ಬ್ರೋಕರ್ ಕೊಂಡರೂ ಕೆಲಸವನ್ನು ಎರಡರ ಲೆಕ್ಕದಲ್ಲೇ ಅಳೆಯಬೇಕು.

ಎಕ್ಸ್‌ಲಾರ್ಜ್‌ಗೆ ಹೋಗೋಣ ಎಂದು ತಂಡದಲ್ಲಿ ಮಾತು ಬಂತು. ಅದಕ್ಕೆ ದುಡ್ಡು ಡಬಲ್. ಅದಕ್ಕೂ ಮೊದಲು ಸೆಕೆಂಡಿಗೆ 0.6 ಎಂಬಿಗೆ ಇಷ್ಟೊಂದು ಸಿಪಿಯು ಯಾಕೆ ಬೇಕು ಅಂತ ನೋಡೋಣ ಅಂದೆ. ನಾನು ಎಂಬಿ ಎಣಿಸಿದ್ದೆ, ರಿಕ್ವೆಸ್ಟ್ ಎಣಿಸಿರಲಿಲ್ಲ. ಕಾಫ್ಕಾಗೆ ಮೆಸೇಜ್ ಹಾಕುವ ನಮ್ಮ ಗೇಟ್‌ವೇ ಕೋಡ್ ಪ್ರತಿ ಮೆಸೇಜ್ ಆದ ಮೇಲೂ ಫ್ಲಶ್ ಕರೆಯುತ್ತಿತ್ತು, ಅಂದರೆ ಕೂಡಿಡದೆ ಆಗಲೇ ಕಳಿಸುತ್ತಿತ್ತು. 500 ಬೈಟ್‌ಗೆ ಒಂದು ಪೂರ್ತಿ ರಿಕ್ವೆಸ್ಟ್. ಅದಕ್ಕೊಂದು ಟಿಎಲ್‌ಎಸ್ ಗೂಢಲಿಪಿ ಕೆಲಸ, ಅದಕ್ಕೊಂದು ಉತ್ತರ. ಓದುವ ಕಡೆಯೂ ಅದೇ ಕಥೆ. ಫೆಚ್.ಮಿನ್.ಬೈಟ್ಸ್ ಎಂಬ ಸೆಟ್ಟಿಂಗ್ ಮೊದಲಿನಿಂದಲೂ 1 ಇರುತ್ತದೆ, ಒಂದು ಬೈಟ್ ಬಂದರೂ ಬ್ರೋಕರ್ ಕೊಟ್ಟು ಕಳಿಸುತ್ತದೆ. ನಮ್ಮಲ್ಲಿ ಆರು ಕನ್ಸ್ಯೂಮರ್ (ಮೆಸೇಜ್ ಓದುವ ಪ್ರೋಗ್ರಾಮ್) ಗುಂಪುಗಳು ಹೀಗೆ ತಟ್ಟುತ್ತಲೇ ಇದ್ದವು.

ಫ್ಲಶ್ ತೆಗೆದೆವು. ಮೆಸೇಜ್ ಕೂಡಿಸಲು ಎಷ್ಟು ಮಿಲಿಸೆಕೆಂಡ್ ಕಾಯಬೇಕೆಂದು ಹೇಳುವ ಲಿಂಗರ್.ಎಂಎಸ್ 50 ಮಾಡಿದೆವು, ಒಂದು ಕಂತಿನ ಗಾತ್ರ ಹೇಳುವ ಬ್ಯಾಚ್.ಸೈಜ್ 64 ಕೆಬಿ, ಎಲ್‌ಝಡ್4 ಕಂಪ್ರೆಷನ್. ಓದುವ ಕಡೆ ಕನಿಷ್ಠ ಮಿತಿ ಏರಿಸಿದೆವು, ಆದರೆ ಅರ್ಧ ಸೆಕೆಂಡಿಗಿಂತ ಕಾಯುವುದು ಬೇಡ ಎಂದು ಇಟ್ಟೆವು. ಬಸ್ಸಿನ ಜಾಗ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ತೊಂದರೆ ಇಲ್ಲ, ಅಲ್ವಾ? ಸಿಪಿಯು ಶೇ 62ರಿಂದ 24ಕ್ಕೆ ಇಳಿಯಿತು. ಸರ್ವರ್ ಅದೇ.

ಇನ್ನೊಂದು ಪೆಟ್ಟು ಪಾರ್ಟಿಷನ್‌ಗಳಿಂದ ಬಿದ್ದಿತ್ತು. ಟಿ3.ಸ್ಮಾಲ್ ಇದ್ದಾಗ ಒಮ್ಮೆ ಕ್ಲಸ್ಟರ್ ಕಾನ್ಫಿಗರೇಶನ್ ಬದಲಿಸಲು ಹೋದರೆ ಆಗಲೇ ಇಲ್ಲ. ಟಿ3.ಸ್ಮಾಲ್‌ನಲ್ಲಿ ಒಂದು ಬ್ರೋಕರ್‌ಗೆ 300 ಪಾರ್ಟಿಷನ್ ಮಿತಿ, ಪ್ರತಿಗಳೂ ಸೇರಿ. ನಮ್ಮದು 24 ಟಾಪಿಕ್, ಒಂದೊಂದಕ್ಕೆ 12 ಪಾರ್ಟಿಷನ್, 288. ಮಿತಿಯೊಳಗೇ ಇದ್ದೇವೆ ಅಂದುಕೊಂಡಿದ್ದೆ. ಕಾಫ್ಕಾ ತನ್ನ ಕನ್ಸ್ಯೂಮರ್ ಆಫ್‌ಸೆಟ್‌ಗಳಿಗೆ (ಯಾರು ಎಲ್ಲಿಯವರೆಗೆ ಓದಿದ್ದಾರೆ ಎಂಬ ಗುರುತುಗಳಿಗೆ) ಇಟ್ಟುಕೊಳ್ಳುವ 50 ಪಾರ್ಟಿಷನ್‌ಗಳನ್ನು ಮರೆತಿದ್ದೆ. ಮೂರು ಬ್ರೋಕರ್, ಮೂರು ಪ್ರತಿ ಅಂದರೆ ಪ್ರತಿಯೊಂದರಲ್ಲೂ ಎಲ್ಲವೂ ಇರುತ್ತದೆ. ಒಟ್ಟು 338, ಮಿತಿ ದಾಟಿತ್ತು. ಎಂ5.ಲಾರ್ಜ್‌ನಲ್ಲಿ ಶಿಫಾರಸು 1,000ದವರೆಗೆ ಇದೆ. ಆದರೂ ಸುಮ್ನೆ 12 ಇಟ್ಟಿದ್ದ ಹದಿನೆಂಟು ಸಣ್ಣ ಟಾಪಿಕ್‌ಗಳನ್ನು 3 ಪಾರ್ಟಿಷನ್‌ನೊಂದಿಗೆ ಹೊಸದಾಗಿ ಮಾಡಿದೆವು. ಪಾರ್ಟಿಷನ್ ಹೆಚ್ಚಿಸಬಹುದು, ಇರುವ ಟಾಪಿಕ್‌ನಲ್ಲಿ ಕಡಿಮೆ ಮಾಡಲು ಬರುವುದಿಲ್ಲ. ಡಿಸ್ಕ್ ಕೂಡ ಹಾಗೇ. ನಾನು ಮೊದಲ ದಿನ ಇರಲಿ ಅಂತ 1,000 ಜಿಬಿ ಹಾಕಿದ್ದೆ. ಏಳು ದಿನದ ಮಾಹಿತಿ 120 ಜಿಬಿಯನ್ನೂ ದಾಟುವುದಿಲ್ಲ. ಕಡಿಮೆ ಮಾಡಲು ಆಗದೆ ಅದರ ದುಡ್ಡನ್ನು ತಿಂಗಳು ತಿಂಗಳೂ ಕಟ್ಟುತ್ತಿದ್ದೇವೆ. ನೀವು ಚಿಕ್ಕದಾಗಿ ಶುರು ಮಾಡಿ, ಶೇ 85ಕ್ಕೆ ಅಲಾರಂ ಇಡಿ. ಬೇಕಾದಾಗ ಏರಿಸಬಹುದು. ಒಮ್ಮೆ ಏರಿಸಿದ ಮೇಲೆ ಮತ್ತೆ ಏರಿಸಲು ಕನಿಷ್ಠ ಆರು ಗಂಟೆ ಕಾಯಬೇಕು, ಅದು ನೆನಪಿರಲಿ.

ಸಿಪಿಯು 24ಕ್ಕೆ ಇಳಿದ ಮೇಲೆ ಒಬ್ಬರು ಕೇಳಿದರು, ಮತ್ತೆ ಟಿ3ಗೆ ಹೋಗಿ ದುಡ್ಡು ಉಳಿಸಬಹುದಲ್ವಾ ಅಂತ. ನಾನು ಬೇಡ ಅಂದೆ. ಯಾವುದಾದರೂ ಕನ್ಸ್ಯೂಮರ್ ಒಂದು ಗಂಟೆ ನಿಂತು ಮತ್ತೆ ಎದ್ದರೆ ಹಿಂದಿನದನ್ನೆಲ್ಲ ಓದಬೇಕು. 8 ಜಿಬಿ ಇದ್ದರೆ ಅದರಲ್ಲಿ ಹೆಚ್ಚಿನದು ಮೆಮೊರಿಯಲ್ಲೇ ಸಿಗುತ್ತದೆ, 2 ಜಿಬಿಯಲ್ಲಿ ಡಿಸ್ಕಿಗೆ ಹೋಗಬೇಕು. ಕ್ರೆಡಿಟ್ ಖಾಲಿಯಾಗುವುದೂ ಅಂಥ ದಿನವೇ. ಡೆವಲಪ್‌ಮೆಂಟ್ ಕ್ಲಸ್ಟರ್‌ಗೆ ಮಾತ್ರ ಟಿ3 ಇಟ್ಟುಕೊಂಡಿದ್ದೇವೆ.

ಕೊನೆಗೆ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ, ಬಸ್ಸುಗಳೆಲ್ಲ ರಸ್ತೆಯಲ್ಲಿದ್ದಾಗ, ಶಾಲೆಗಳಿಗೆ ಮೊದಲೇ ತಿಳಿಸಿ, ನಾವೇ ಒಂದು ಬ್ರೋಕರನ್ನು ರೀಬೂಟ್ ಮಾಡಿದೆವು. ಉಳಿದ ಎರಡರ ಸಿಪಿಯು ಶೇ 36ರ ಹತ್ತಿರ ಹೋಯಿತು. ಸಿಂಕ್ ತಪ್ಪಿದ ಪಾರ್ಟಿಷನ್‌ಗಳ ಸಂಖ್ಯೆ ಮೇಲೇರಿ, ಆ ಬ್ರೋಕರ್ ವಾಪಸ್ ಬಂದ ಕೆಲವೇ ನಿಮಿಷಕ್ಕೆ ಸೊನ್ನೆಗೆ ಬಂತು. ಅಷ್ಟು ಹೊತ್ತೂ ನಾನು ಫೋನಿನಲ್ಲಿ ನಮ್ಮ ಬಡಾವಣೆಯ ಬಸ್ಸನ್ನೇ ನೋಡುತ್ತಿದ್ದೆ. ಅದು ಎಲ್ಲೂ ನಿಲ್ಲದೆ ಶಾಲೆಯ ಗೇಟಿನವರೆಗೆ ಹೋಯಿತು.