ನುಡಿ ಪಿಡಿಎಫ್‌ನಿಂದ ಅಂಧ ಮಗುವಿನ ಫೋನಿಗೆ: ಕನ್ನಡ ಮಾಧ್ಯಮದ ಪಠ್ಯಪುಸ್ತಕ ಓದಿಸಿದ ನನ್ನ ಅನುಭವ

ಕನ್ನಡ ಮಾಧ್ಯಮದ ಹೈಸ್ಕೂಲ್ ಪುಸ್ತಕಗಳನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಪಠ್ಯವನ್ನು ದನಿಯಲ್ಲಿ ಓದುವ ತಂತ್ರಾಂಶ) ಓದುವ ಹಾಗೆ ಮಾಡುತ್ತೇನೆ ಅಂದಾಗ, ಅಂಗವಿಕಲ ಮಕ್ಕಳಿಗೆ ಸಾಮಾನ್ಯ ಶಾಲೆಯಲ್ಲೇ ಕಲಿಸುವ ಸಮನ್ವಯ ಶಿಕ್ಷಣದ ನಮ್ಮ ಬಳಗದಲ್ಲೇ ಬಂದ ಮಾತು, “ಇಂಗ್ಲಿಷಾದ್ರೆ ಸರಿ ಸರ್, ಕನ್ನಡದಲ್ಲಿ ಆಗೋದಲ್ಲ. ಯಾರ ಹತ್ರಾನಾದ್ರೂ ಓದಿಸಿ ರೆಕಾರ್ಡ್ ಮಾಡಿ ಕೊಟ್ಬಿಡಿ.” ಈಗ ಪ್ರಥಮ ಭಾಷೆ, ಸಮಾಜ ವಿಜ್ಞಾನ, ವಿಜ್ಞಾನ ಮೂರೂ ಮಕ್ಕಳ ಫೋನಿನಲ್ಲಿವೆ. ಗಣಿತ ಅರ್ಧಂಬರ್ಧ. ಆಗಲ್ಲ ಅಂದವರೇ ಈಗ ಫೈಲ್ ಕಳಿಸಿ ಅಂತ ಕೇಳುತ್ತಾರೆ.

ರೆಕಾರ್ಡಿಂಗ್ ಯಾಕೆ ಬೇಡ ಅನ್ನುವುದಕ್ಕೆ ಎರಡೇ ಕಾರಣ ಸಾಕು. ಮೇಷ್ಟ್ರು “ಪುಟ 47, ಎರಡನೇ ಪ್ಯಾರಾ” ಅಂದರೆ ಎಂಪಿ3 ಹಿಡಿದ ಮಗು ಹಿಂದೆ ಮುಂದೆ ಎಳೆಯುತ್ತಾ ಕೂರುತ್ತದೆ, ಅಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಇನ್ನೊಂದು ಕಾಗುಣಿತ. ‘ವಿಶೇಷ’ದಲ್ಲಿ ಯಾವ ಶ ಮೊದಲು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಪಠ್ಯ ಇದ್ದರೆ ಬಾಣದ ಕೀಲಿ ಒತ್ತಿ ಒಂದೊಂದೇ ಅಕ್ಷರ ಕೇಳಬಹುದು. ಹಾಗಾಗಿ ದಾನಿಗಳು ಧ್ವನಿ ಕೊಡುತ್ತೇವೆ ಅಂದರೆ ನಾನು ಕರಡು ತಿದ್ದಿಕೊಡಿ ಅಂತ ಕೇಳುತ್ತೇನೆ.

ಪುಸ್ತಕದ ಪಿಡಿಎಫ್ ಇರುವುದು ನುಡಿಯಲ್ಲಿ, ಅಂದರೆ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಹಳೆಯ ಆಸ್ಕಿ ಫಾಂಟಿನಲ್ಲಿ. ಅದನ್ನು ಸ್ಕ್ರೀನ್ ರೀಡರ್ ಕನ್ನಡವಾಗಿ ಓದುವುದಿಲ್ಲ. ಬೇರೆ ದಾರಿ ಹುಡುಕಿದಾಗ ಮೊದಲು ಕೈಕೊಟ್ಟದ್ದು ಒಸಿಆರ್, ಅಂದರೆ ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರಾಂಶ. ಪುಟ ಸ್ಕ್ಯಾನ್ ಮಾಡಿ ಟೆಸೆರಾಕ್ಟ್‌ಗೆ ಹಾಕಿದರೆ ಸಾದಾ ಗದ್ಯ ತಕ್ಕಮಟ್ಟಿಗೆ ಬರುತ್ತದೆ, ಆದರೆ ಒತ್ತಕ್ಷರ ಕಳಚುತ್ತದೆ, ದ-ಧ, ಪ-ಷ ಅದಲುಬದಲಾಗುತ್ತವೆ, ‘ವು’ ಇದ್ದಲ್ಲಿ ‘ಮ’ ಕೂರುತ್ತದೆ. ಗೂಗಲ್ ಡ್ರೈವ್‌ನ ಒಸಿಆರ್ ಇದಕ್ಕಿಂತ ವಾಸಿ. ಆದರೂ ಎರಡು ಕಾಲಂ ಇರುವ ಪುಟದಲ್ಲಿ ಅಭ್ಯಾಸದ ಪ್ರಶ್ನೆ, ಚಿತ್ರದ ಅಡಿಬರಹ, ಪಾಠ ಮೂರೂ ಬೆರೆತು ಬಂದವು. ತಿದ್ದುವ ಹೊತ್ತಿನಲ್ಲಿ ಹೊಸದಾಗಿ ಟೈಪ್ ಮಾಡಿಬಿಡಬಹುದಿತ್ತು.

ಟೈಪ್ ಕೂಡ ಮಾಡಿಸಿ ನೋಡಿದೆ. ಡಿಟಿಪಿ ಅಂಗಡಿಯಲ್ಲಿ ಪುಟಕ್ಕೆ ಇಪ್ಪತ್ತೈದೋ ಮೂವತ್ತೋ ರೂಪಾಯಿ, ಒಂದು ಭಾಗಕ್ಕೆ ಹತ್ತಿರ ಹತ್ತಿರ ನಾಲ್ಕು ಸಾವಿರ ಬಿತ್ತು. ಬಂದ ಫೈಲ್ ತೆರೆದರೆ ಮತ್ತೆ ಆಸ್ಕಿ ನುಡಿ! ಯುನಿಕೋಡ್ (ಯಾವ ಫೋನು, ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಅಕ್ಷರಸಂಕೇತ) ಬೇಕು ಅಂತ ಬಾಯಲ್ಲಿ ಹೇಳಿದರೆ ಸಾಲದು, “ಮೊಬೈಲಿನಲ್ಲಿ ತೆರೆದು ತೋರಿಸಿ, ಆಮೇಲೆ ದುಡ್ಡು” ಅನ್ನಿ.

ಕೊನೆಗೆ ದಾರಿ ಸಿಕ್ಕಿದ್ದು ಪಿಡಿಎಫ್‌ನಲ್ಲಿ ಅಡಗಿರುವ ನುಡಿ ಪಠ್ಯವನ್ನೇ ಎತ್ತಿ ಯುನಿಕೋಡಿಗೆ ಪರಿವರ್ತಿಸುವುದರಲ್ಲಿ. ನೇರವಾಗಿ ಓದಿಸಿದರೆ ‘ಕನ್ನಡ’ ಅನ್ನುವ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು ಅಂತ ಕೇಳಿಸುತ್ತದೆ. ನುಡಿಯಲ್ಲಿ ‘ನ’ಕಾರದ ಜಾಗ ಪೌಂಡ್ ಗುರುತಿನದು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಯಾವುದು ಅನ್ನುವುದು ಅಷ್ಟು ಮುಖ್ಯವಲ್ಲ. ಹಾಕುವ ಮುಂಚೆ, ಹಾಕಿದ ಮೇಲೆ ಏನು ಮಾಡುತ್ತೀರಿ ಅನ್ನುವುದರಲ್ಲಿದೆ ಕೆಲಸ.

ಹಾಕುವ ಮುಂಚೆ ಇಂಗ್ಲಿಷನ್ನು ಬೇರೆ ಮಾಡಿ. ಇಲ್ಲದಿದ್ದರೆ ‘ಆ್ಯಂಡ್’ ಅನ್ನುವುದು ‘ಚಿಟಿಜ’ ಆಗಿ ಕೂರುತ್ತದೆ, ನುಡಿ ಬಳಸಿದವರಿಗೆಲ್ಲ ಈ ಕಾಟ ಗೊತ್ತು. ವಿಜ್ಞಾನದಲ್ಲಂತೂ ಪ್ರತಿ ಸೂತ್ರವೂ ಹಾಳು. ವರ್ಡ್‌ನಲ್ಲಿ ಹುಡುಕುವಾಗ ಅಕ್ಷರದ ಬದಲು ಫಾಂಟ್ ಹೆಸರು ಕೊಟ್ಟು ಇಂಗ್ಲಿಷ್ ಫಾಂಟಿನ ತುಣುಕುಗಳನ್ನೆಲ್ಲ ಹಿಡಿಯಿರಿ, ಒಂದೊಂದಕ್ಕೂ ಅಂಕಿಯ ಗುರುತು ಕೊಟ್ಟು ಆಚೆ ಇಡಿ, ಪರಿವರ್ತನೆ ಮುಗಿದ ಮೇಲೆ ವಾಪಸ್ ಸೇರಿಸಿ. ನಾನು ಇದಕ್ಕೊಂದು ಮ್ಯಾಕ್ರೊ (ವರ್ಡ್ ತಾನಾಗಿ ಮಾಡುವಂತೆ ಕೊಡುವ ಆದೇಶಗಳ ಪಟ್ಟಿ) ಬರೆದುಕೊಂಡಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ, ಬೇಕಾದವರು ಒಂದು ಪಾಠ ಕೈಯಲ್ಲಿ ಮಾಡಿ ನೋಡಿದರೆ ಹೇಗೆ ಬರೆಯಬೇಕು ಅಂತ ತಾನೇ ಹೊಳೆಯುತ್ತದೆ.

ಹಾಕಿದ ಮೇಲೆ ಮೂರು ಕಡೆ ಕಣ್ಣಿಡಿ. ಒಂದು, ಅರ್ಕಾವೊತ್ತು. ‘ಕರ್ಮ’ ನುಡಿಯಲ್ಲಿ ಕ, ಮ, ಅರ್ಕಾವೊತ್ತು ಅನ್ನುವ ಕ್ರಮದಲ್ಲಿರುತ್ತದೆ. ಯುನಿಕೋಡಿನಲ್ಲಿ ರಕಾರ ಹಿಂದಕ್ಕೆ ಬಂದು ಕ, ರ್, ಮ ಆಗಬೇಕು. ಸರಳ ಪದಗಳನ್ನು ಪರಿವರ್ತಕ ಸರಿ ಮಾಡುತ್ತದೆ. ಅರ್ಕಾವೊತ್ತಿನ ಜೊತೆ ಇನ್ನೊಂದು ಒತ್ತೂ ಇದ್ದಾಗ, ಅಂದರೆ ಸಾಮರ್ಥ್ಯ, ಅರ್ಘ್ಯ, ಊರ್ಧ್ವ ಇಂಥ ಕಡೆ, ಎಡವುತ್ತದೆ. ಎರಡು, ದೀರ್ಘ. ‘ಕೀ’ ಬದಲು ‘ಕಿ’ ಮತ್ತು ಬಿಡಿ ದೀರ್ಘದ ಚಿಹ್ನೆ ಉಳಿದುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ ಮಗು ‘ನೀರು’ ಅಂತ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಮೂರು, ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಹಾಕುವ ಚಾಳಿ ಟೈಪಿಸ್ಟರಿಗಿದೆ. ಆಗ ‘ಅಂಕ’ದ ಮಧ್ಯೆ ಸೊನ್ನೆ ಅಂತಲೇ ಓದುತ್ತದೆ. ಹುಡುಕಿ-ಬದಲಿಸುವ ಪಟ್ಟಿ ನನ್ನದೀಗ ಇನ್ನೂರು ಸಾಲು ದಾಟಿರಬೇಕು. ಪಟ್ಟಿಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೇ ಜೀವಾಳ: ದೀರ್ಘ ಸರಿಯಾದ ಮೇಲೇ ಅರ್ಕಾವೊತ್ತಿಗೆ ಕೈಹಾಕಬೇಕು.

ಕರಡು ನೋಡುವಾಗ ಎನ್‌ವಿಡಿಎ (ಕಂಪ್ಯೂಟರಿನ ಪುಕ್ಕಟೆ ಸ್ಕ್ರೀನ್ ರೀಡರ್) ಜೊತೆ ಇಸ್ಪೀಕ್ ಅನ್ನುವ ದನಿ ತಂತ್ರಾಂಶದ ಕನ್ನಡ ದನಿಯನ್ನೇ ಹಾಕಿಕೊಳ್ಳಿ. ಡಬ್ಬದೊಳಗಿನ ದನಿ ಅಂತ ಎಲ್ಲರೂ ಬೈಯುತ್ತಾರೆ, ಬೈಯಲಿ. ಅದು ಬರೆದದ್ದನ್ನು ಬರೆದ ಹಾಗೇ ಓದುತ್ತದೆ, ತಪ್ಪು ಕಿವಿಗೆ ಹೊಡೆಯುತ್ತದೆ. ಮುದ್ರಿತ ಪುಸ್ತಕ ಮುಂದಿಟ್ಟುಕೊಂಡು ವೇಗ ಸ್ವಲ್ಪ ಹೆಚ್ಚಿಸಿ ಕೇಳಿದರೆ ಗಂಟೆಗೆ ಹದಿನೈದು ಪುಟದಷ್ಟು ಸಾಗುತ್ತದೆ. ಮಕ್ಕಳಿಗೆ ಫೋನಿನಲ್ಲಿ ಗೂಗಲ್‌ನ ಕನ್ನಡ ದನಿ ಇಷ್ಟ, ಉದ್ದನೆಯ ಪಾಠಕ್ಕೆ ಅದೇ ಸರಿ.

ಮುಂದಿನದು ಶೀರ್ಷಿಕೆ. ಅಕ್ಷರ ದಪ್ಪ ಮಾಡಿದರೆ ಸ್ಕ್ರೀನ್ ರೀಡರಿಗೆ ಅದು ಶೀರ್ಷಿಕೆಯಲ್ಲ. ವರ್ಡ್‌ನ ಹೆಡಿಂಗ್ ಸ್ಟೈಲನ್ನೇ ಕೊಡಬೇಕು. ಪಾಠಕ್ಕೆ ಹೆಡಿಂಗ್ 1, ಉಪಶೀರ್ಷಿಕೆಗೆ 2, ಅಭ್ಯಾಸಕ್ಕೆ 3. ಮುದ್ರಿತ ಪುಸ್ತಕದ ಪುಟ ಎಲ್ಲಿ ಬದಲಾಗುತ್ತದೋ ಅಲ್ಲಿ ‘ಪುಟ 47’ ಅಂತ ಬರೆದು ಅದಕ್ಕೆ ಹೆಡಿಂಗ್ 6 ಕೊಡುತ್ತೇನೆ. ಎನ್‌ವಿಡಿಎಯಲ್ಲಿ 6 ಒತ್ತುತ್ತಾ ಹೋದರೆ ಪುಟದಿಂದ ಪುಟಕ್ಕೆ ಹಾರಬಹುದು. ಫೋನಿನಲ್ಲಾದರೆ ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್‌ನ ಓದುವ ವಿಧಾನವನ್ನು ಹೆಡಿಂಗ್‌ಗೆ ತಿರುಗಿಸಿಕೊಂಡರೆ ಆಯಿತು. ತರಗತಿಯಲ್ಲಿ ಬೇರೆ ಮಕ್ಕಳ ಜೊತೆಗೇ ಪುಟ ತೆಗೆಯಲು ಸಾಧ್ಯವಾದದ್ದು ಈ ಒಂದು ಉಪಾಯದಿಂದ.

ಫೈಲನ್ನು ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ರೂಪದಲ್ಲಿ ಉಳಿಸಿ. ನೋಟ್‌ಪ್ಯಾಡಿನಲ್ಲಿ ತೆರೆದು, ಮೊದಲ ಸಾಲುಗಳಲ್ಲಿ ಭಾಷೆಯ ಗುರುತು ‘ಕೆಎನ್’ (kn, ಅಂದರೆ ಕನ್ನಡ) ಅಂತ ಇದೆಯಾ ನೋಡಿ, ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಭಾಷೆ ಇಂಗ್ಲಿಷ್ ಅಂತ ಬಿದ್ದಿದ್ದರೆ ದನಿ ಇಂಗ್ಲಿಷಿಗೆ ತಿರುಗಿ ಕನ್ನಡವನ್ನು ನುಂಗಿಹಾಕುತ್ತದೆ. “ನಿಮ್ಮ ಫೈಲ್ ಓದಲ್ಲ ಸರ್” ಅಂತ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಇದೇ.

ಹಕ್ಕುಸ್ವಾಮ್ಯದ ಭಯ ಕೆಲವರಿಗೆ. 2012ರ ತಿದ್ದುಪಡಿಯಾದ ಮೇಲೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಅಂಗವಿಕಲರ ಓದಿಗಾಗಿ ಇಂಥ ಪ್ರತಿ ಮಾಡಲು ಅವಕಾಶವಿದೆ. ಮಾರಬೇಡಿ, ಎಲ್ಲರಿಗೂ ಹಂಚುತ್ತಾ ಹೋಗಬೇಡಿ, ಅಷ್ಟೆ.

ಇನ್ನು ಚಿತ್ರ. ದನಿ ಇಲ್ಲಿ ಕೆಲಸಕ್ಕೆ ಬಾರದು. ಬಿಸಿಗೆ ಗೆರೆ ಉಬ್ಬುವ ಕಾಗದ, ಅದರ ಹೀಟರ್, ಬ್ರೈಲ್ ಮುದ್ರಿಸುವ ಎಂಬಾಸರ್ ಎಲ್ಲ ವಿಚಾರಿಸಿದೆ, ದೊಡ್ಡ ಬೆಲೆ, ಕೆಟ್ಟರೆ ರಿಪೇರಿಗೆ ಊರು ಬಿಡಬೇಕು. ನನ್ನ ಸಾಧನ ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ. ಐವತ್ತು ಅರವತ್ತು ರೂಪಾಯಿಗೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆಯ ಮೇಲೆ ಬ್ರೈಲ್ ಕಾಗದವನ್ನು ಮಗುಚಿ ಇಟ್ಟು, ಹಿಂಬದಿಯಿಂದ ಗೆರೆಯ ಮೇಲೆ ಚಕ್ರ ಉರುಳಿಸಿದರೆ ಮುಂಬದಿಯಲ್ಲಿ ಚುಕ್ಕೆಗಳ ಸಾಲು ಏಳುತ್ತದೆ. ಹಿಂಬದಿಯ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರಬೇಕು, ಇಲ್ಲದಿದ್ದರೆ ಅರಬ್ಬೀ ಸಮುದ್ರ ಬೀದರ್‌ನ ಬಲಕ್ಕೆ ಬರುತ್ತದೆ. ರಬ್ಬರ್ ತೀರಾ ಮೆದುವಾದರೆ ಕಾಗದ ಸೀಳುತ್ತದೆ, ಗಟ್ಟಿಯಾದರೆ ಚುಕ್ಕೆ ಏಳುವುದಿಲ್ಲ. ಜೆರಾಕ್ಸ್ ಹಾಳೆ ತೆಳು. ಬ್ರೈಲ್ ಕಾಗದ ಮುಗಿದಾಗ ಹಳೇ ಕ್ಯಾಲೆಂಡರ್ ಬಳಸಬಹುದು, ಹೊಳಪು ಇಲ್ಲದ್ದು ಆರಿಸಿಕೊಳ್ಳಿ.

ನದಿಗಳ ನಕ್ಷೆಯಲ್ಲಿ ಗಡಿಗೆ ಚಕ್ರದ ಚುಕ್ಕೆಸಾಲು, ನದಿಗೆ ಫೆವಿಕಾಲ್ ಹಚ್ಚಿ ಅಂಟಿಸಿದ ಉಲ್ಲನ್ ದಾರ, ಸಮುದ್ರಕ್ಕೆ ಉಪ್ಪುಕಾಗದ. ಮೂರಕ್ಕಿಂತ ಹೆಚ್ಚು ಬಗೆಯ ಮೇಲ್ಮೈ ಒಂದೇ ಹಾಳೆಯಲ್ಲಿ ಬೇಡ. ಎರಡು ಗೆರೆಗಳ ನಡುವೆ ಕನಿಷ್ಠ ಮೂರು ಮಿಲಿಮೀಟರ್ ಇಲ್ಲದಿದ್ದರೆ ಬೆರಳಿಗೆ ಎರಡೂ ಸೇರಿ ಒಂದೇ. ಪುಸ್ತಕದ ಚಿತ್ರದಲ್ಲಿ ಭಾಗಗಳಿಗೆ ಎಳೆದಿರುವ ಬಾಣದ ಗೆರೆ ಪೂರ್ತಿ ತೆಗೆದುಹಾಕಿ. ಹೃದಯದ ಚಿತ್ರದಲ್ಲಿ ಮಗು ಅದನ್ನೂ ರಕ್ತನಾಳ ಅಂದುಕೊಳ್ಳುತ್ತದೆ. ಭಾಗದ ಮೇಲೆ ಬ್ರೈಲಿನಲ್ಲಿ ಒಂದು ಅಕ್ಷರ ಹಾಕಿ, ವಿವರ ಬೇರೆ ಹಾಳೆಯಲ್ಲಿರಲಿ. ಹೃದಯವನ್ನಂತೂ ಮೂರು ಹಾಳೆಗೆ ಒಡೆಯಿರಿ: ಹೊರಗಿನ ಆಕಾರ, ನಾಲ್ಕು ಕೋಣೆ, ರಕ್ತನಾಳ. ನಾವು ಕಣ್ಣು ಮುಚ್ಚಿ ಮುಟ್ಟಿ ನೋಡಿ ಚೆನ್ನಾಗಿದೆ ಅಂದುಕೊಳ್ಳುವುದು ಪರೀಕ್ಷೆಯೇ ಅಲ್ಲ, ಚಿತ್ರ ನಮ್ಮ ತಲೆಯಲ್ಲಿ ಮೊದಲೇ ಇರುತ್ತದೆ.

ತರಬೇತಿಗಳಲ್ಲಿ ಹೇಳಿಕೊಡುವ ರಾಗಿ, ಅಕ್ಕಿ ಅಂಟಿಸುವ ನಕ್ಷೆಗೆ ಒಂದು ಮಳೆಗಾಲ ಸಾಕು. ಹುಳು ಹಿಡಿಯುತ್ತದೆ, ಬೀರುವಿನಲ್ಲಿಟ್ಟರೆ ಇಲಿ. ಮೈದಾ ಗೋಂದಿಗೆ ಜಿರಲೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪ್ರಯೋಗ ಛಂದಸ್ಸಿನದು. ಪ್ರಸ್ತಾರದಲ್ಲಿ ಲಘು-ಗುರುವಿನ ಗುರುತು ಅಕ್ಷರದ ತಲೆಯ ಮೇಲಿರುತ್ತದೆ. ಪಠ್ಯವಾಗಿ ಎತ್ತಿದರೆ ಗುರುತುಗಳು ಒಂದೋ ಮಾಯ, ಇಲ್ಲವೇ ಸಾಲಿನ ಕೊನೆಯಲ್ಲಿ ರಾಶಿ. ‘ಗುರು ಲಘು ಲಘು’ ಅಂತ ದನಿಯಲ್ಲಿ ಓದಿಸಿದರೆ ಎರಡನೇ ಸಾಲಿಗೇ ಮಗು ದಾರಿ ತಪ್ಪುತ್ತದೆ. ಬ್ರೈಲಿನಲ್ಲಿ ಎರಡು ಸಾಲು ಮಾಡಿ ಮೇಲೆ ಕೆಳಗೆ ಹೊಂದಿಸೋಣ ಅಂದರೆ ಒಂದೊಂದು ಅಕ್ಷರಕ್ಕೆ ಒಂದು, ಎರಡು, ಮೂರು ಕೋಶ (ಆರು ಚುಕ್ಕೆಗಳ ಮನೆ) ಬೇಕಾಗುವುದರಿಂದ ಸಾಲು ಕೂಡಿಬರುವುದೇ ಇಲ್ಲ.

ದಾರಿ ಇದ್ದದ್ದು ಭಾರತಿ ಬ್ರೈಲಿನಲ್ಲೇ, ಅಂದರೆ ಕನ್ನಡ ಮತ್ತು ಇತರ ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿಯಲ್ಲೇ. ಅದರಲ್ಲಿ ಒತ್ತಕ್ಷರದ ಮುಂಚೆ 4ನೇ ಚುಕ್ಕೆ ಬರುತ್ತದೆ. ‘ಕನ್ನಡ’ ಅಂದರೆ ಕ, 4ನೇ ಚುಕ್ಕೆ, ನ, ನ, ಡ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನುವುದು ನಿಯಮ ತಾನೇ? ಬೆರಳು ಕ ದಾಟಿದೊಡನೆ 4ನೇ ಚುಕ್ಕೆ ಸಿಕ್ಕರೆ ಕ ಗುರು, ಮುಗಿಯಿತು. ‘ಮನದೊಳ್’ ಥರದ ವ್ಯಂಜನಾಂತ್ಯದಲ್ಲೂ ಳಕಾರದ ಮುಂಚೆ ಅದೇ ಚುಕ್ಕೆ, ‘ದೊ’ ಗುರು. ಕಣ್ಣಿರುವ ಮಕ್ಕಳು ಕೆಳಗಿನ ಒತ್ತು ನೋಡಿ ಹಿಂದಕ್ಕೆ ಹೋಗಿ ಗುರುತು ಹಾಕಬೇಕು, ಇವರಿಗೆ ಓದುವ ಓಟದಲ್ಲೇ ಗೊತ್ತಾಗುತ್ತದೆ. ಒಂದೇ ಎಚ್ಚರ: ಕ್ಷ, ಜ್ಞ ಎರಡಕ್ಕೂ ಸ್ವಂತ ಕೋಶವಿದೆ, 4ನೇ ಚುಕ್ಕೆ ಇರುವುದಿಲ್ಲ. ‘ಪಕ್ಷಿ’ಯ ಪ ಗುರು ಅನ್ನುವುದನ್ನು ಬಾಯಿಪಾಠ ಮಾಡಿಸಿ.

ಗಣ ವಿಂಗಡಿಸಲು ಲಘುವಿಗೆ ತೊಗರಿಕಾಳು, ಗುರುವಿಗೆ ಬೆಂಕಿಕಡ್ಡಿ, ತಟ್ಟೆಯ ಮೇಲೆ ಜೋಡಿಸುವುದು. ಕಾಳು ಒಂದು ಮಾತ್ರೆ, ಕಡ್ಡಿ ಎರಡು. ಕಂದಪದ್ಯದ ಮೊದಲ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗುಂಪು, ಎರಡನೆಯದರಲ್ಲಿ ಐದು. ಭಾಮಿನಿ ಷಟ್ಪದಿಯ ಮೊದಲ ಸಾಲಾದರೆ ಮೂರು, ನಾಲ್ಕು, ಮೂರು, ನಾಲ್ಕು. ತಪ್ಪಿದ್ದರೆ ಕೊನೆಯಲ್ಲಿ ಕಾಳು ಮಿಗುತ್ತದೆ, ಹೇಳಿಕೊಡಬೇಕಾದ್ದೇ ಇಲ್ಲ. ಇದನ್ನು ನೋಡಿ ಪಕ್ಕದ ಕಣ್ಣಿರುವ ಮಕ್ಕಳೂ ಕಾಳು ಕೇಳುತ್ತಾರೆ, ಒಂದು ಹಿಡಿ ಜಾಸ್ತಿ ಒಯ್ಯಿರಿ.

ಫೋನ್ ಹತ್ತಿರ ಹಿಡಿದರೆ ಮಾಹಿತಿ ಕೊಡುವ ಎನ್‌ಎಫ್‌ಸಿ ಸ್ಟಿಕ್ಕರ್ ಅಂಟಿಸಿ ಪ್ರಯೋಗಾಲಯದ ಸಾಮಾನು ಮಾತಾಡುವ ಹಾಗೆ ಮಾಡುವ ಹುಚ್ಚೂ ಇತ್ತು. ಸ್ಟಿಕ್ಕರ್ ಒಂದಕ್ಕೆ ಹದಿನೈದಿಪ್ಪತ್ತು ರೂಪಾಯಿ, ಆದರೆ ಅಗ್ಗದ ಫೋನುಗಳಲ್ಲಿ ಎನ್‌ಎಫ್‌ಸಿಯೇ ಇಲ್ಲ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಂಟಿಸಿದರೆ ಇದ್ದ ಫೋನೂ ಓದುವುದಿಲ್ಲ. ಬಿಟ್ಟೆ. ಫೈಲಿನ ಪಠ್ಯವನ್ನು ಏಳುವ ಚುಕ್ಕೆಗಳಾಗಿ ತೋರಿಸುವ ಬ್ರೈಲ್ ಯಂತ್ರ ಆರ್ಬಿಟ್ ರೀಡರ್ 20 ಸಿಕ್ಕರೆ ಬಿಡಬೇಡಿ. ಪಠ್ಯವನ್ನು ಬ್ರೈಲಿಗೆ ತಿರುಗಿಸುವ ಲಿಬ್‌ಲೂಯಿ ತಂತ್ರಾಂಶದ ಕನ್ನಡ ಕೋಷ್ಟಕದಿಂದ ಬಿಆರ್‌ಎಫ್ (ಬ್ರೈಲ್ ಫೈಲ್) ಮಾಡಿ ಎಸ್‌ಡಿ ಕಾರ್ಡಿಗೆ ಹಾಕಿದರೆ ಅದೇ ಶುದ್ಧ ಪಠ್ಯ ಬೆರಳಿಗೂ ಸಿಗುತ್ತದೆ. ಬೆಲೆ ಮಾತ್ರ ಹತ್ತಾರು ಸಾವಿರ, ಒಂದನ್ನೇ ನಾಲ್ಕೈದು ಮಕ್ಕಳು ಹಂಚಿಕೊಳ್ಳಬೇಕಾಗುತ್ತದೆ.

ಒಟ್ಟು ಖರ್ಚು: ಮಗುವಿಗೊಂದು ಸೆಕೆಂಡ್‌ಹ್ಯಾಂಡ್ ಫೋನ್ ಐದಾರು ಸಾವಿರ, ಇಯರ್‌ಫೋನ್ ನೂರೈವತ್ತು (ಒಂದೇ ಕಿವಿಗೆ ಹಾಕಿಸಿ, ಇನ್ನೊಂದು ಮೇಷ್ಟ್ರಿಗೆ), ಮೆಮೊರಿ ಕಾರ್ಡ್ ಮುನ್ನೂರು ಚಿಲ್ಲರೆ, ಚಕ್ರ ರಬ್ಬರ್ ಕಾಗದ ಎಲ್ಲ ಸೇರಿ ವರ್ಷಕ್ಕೆ ಏಳೆಂಟು ನೂರು. ವರ್ಡ್ ಬಿಟ್ಟರೆ ತಂತ್ರಾಂಶಕ್ಕೆ ಕಾಸಿಲ್ಲ.

ಅಲ್ಪದೃಷ್ಟಿಯ ಮಕ್ಕಳಿಗೂ ಇದೇ ಫೈಲಿನಿಂದ ದೊಡ್ಡಕ್ಷರದ ಪ್ರತಿ ತೆಗೆಯಬಹುದು. 20-24 ಪಾಯಿಂಟ್, ಎಡಕ್ಕೆ ಮಾತ್ರ ಸಾಲುಗಟ್ಟಿ. ಸಾಲಿನ ಅಂತರ ‘ಇಷ್ಟೇ’ ಅಂತ ಬಿಗಿಯಾಗಿ ನಿಗದಿ ಮಾಡಿದರೆ ‘ಸ್ತ್ರೀ’ಯ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ, ಒಂದೂವರೆ ಪಟ್ಟು ಅಂತ ಕೊಡಿ. ಪುಸ್ತಕ ಪರಿಷ್ಕರಣೆಯಾದ ವರ್ಷ ಹೊಸ ಪಿಡಿಎಫ್ ಪರಿವರ್ತಿಸಿ, ವರ್ಡ್‌ನಲ್ಲಿ ಹಳೆಯದರ ಜೊತೆ ಹೋಲಿಸಿ. ಬದಲಾದ ಪುಟಗಳನ್ನಷ್ಟೇ ಕೇಳಿ ತಿದ್ದಿದರೆ ಸಾಕು, ಹೆಡಿಂಗ್ 6ರ ಪುಟಸಂಖ್ಯೆಗಳನ್ನು ಮಾತ್ರ ಮೊದಲಿನಿಂದ ಹಾಕಬೇಕು.