ಬೈಲಕುಪ್ಪೆಯ ಥಂಕಾಗಳು: ನೀರು ಸೋಕಿಸದೆ ಉಳಿಸುವ ಕೆಲಸ

ಬೈಲಕುಪ್ಪೆಯ ಟಿಬೆಟನ್ ಬೌದ್ಧ ವಿಹಾರಗಳಲ್ಲಿ ಥಂಕಾ ಸಂರಕ್ಷಣೆ ಕಲಿಸುವಾಗ ನಾವು ಮೊದಲು ಬಿಡಿಸುವುದು ಒದ್ದೆ ಹತ್ತಿಯಿಂದ ಒರೆಸುವ ಚಟವನ್ನು. ಎಣ್ಣೆಬಣ್ಣದ ಚಿತ್ರಗಳಲ್ಲಿ ಕೈ ಪಳಗಿದವರಿಗೇ ಇದು ಹೆಚ್ಚು. ಥಂಕಾ ಹತ್ತಿಬಟ್ಟೆಯ ಮೇಲಿನ ದೇವತಾಚಿತ್ರ: ಪ್ರಾಣಿಚರ್ಮದ ಅಂಟಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯ ಲೇಪ, ಅದನ್ನು ಕಲ್ಲಿನಿಂದ ಉಜ್ಜಿ ನಯಮಾಡಿ, ಮೇಲೆ ಅದೇ ಬಗೆಯ ಅಂಟಿನಲ್ಲಿ ಬಣ್ಣ. ವಾರ್ನಿಷ್ ಇರುವುದಿಲ್ಲ. ನೀರು ಬಿದ್ದಲ್ಲಿ ಅಂಟು ಕರಗಿ ಬಣ್ಣ ಹರಡುತ್ತದೆ, ಒಣಗುವಾಗ ಸುತ್ತ ಕಂದು ಗೆರೆ ಕಟ್ಟುತ್ತದೆ. ಆ ಗೆರೆ ತೆಗೆಯಲು ಹೋದರೆ ಚಿತ್ರವೇ ಹೋಗುತ್ತದೆ.

ಪ್ರತಿಷ್ಠೆಯಾದ ಥಂಕಾವನ್ನು ವಿಹಾರದ ಹಿರಿಯರನ್ನು ಕೇಳದೆ ಮುಟ್ಟುವಂತಿಲ್ಲ. ಕೆಲಸಕ್ಕೆ ಮೊದಲು ದೇವತೆಯನ್ನು ಚಿತ್ರದಿಂದ ಕನ್ನಡಿಗೆ ಇಳಿಸುವ ವಿಧಿ ಅವರದು. ನಮ್ಮ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ವಿಗ್ರಹದ ಶಕ್ತಿಯನ್ನು ಕಲಶಕ್ಕೆ ಇಳಿಸುವ ಕಲಾಕರ್ಷಣೆ ಮಾಡುತ್ತಾರಲ್ಲ, ಆ ರೀತಿ. ಬಟ್ಟೆಯ ಹಿಂಬದಿಯಲ್ಲಿ ದೇವತೆಯ ಹಣೆ, ಕಂಠ, ಹೃದಯದ ನೇರಕ್ಕೆ ಓಂ, ಆಃ, ಹೂಂ ಬರೆದಿರುತ್ತಾರೆ. ಆದ್ದರಿಂದ ಹಿಂದೆ ಪೂರ್ತಿ ಅಸ್ತರಿ ಅಂಟಿಸಬಾರದು. ಹರಿದಿದ್ದರೆ ಅಷ್ಟಕ್ಕೇ ತೆಳು ಜಪಾನಿ ಕಾಗದ ಸಾಕು.

ಸುರುಳಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಬಿಚ್ಚಿ, ಒಂದು ಬದಿಯಿಂದ ಓರೆಬೆಳಕು ಹಾಯಿಸಿ ಫೋಟೊ ತೆಗೆಯುತ್ತೇವೆ. ಬಿಗಿಯಾಗಿ ಸುತ್ತಿಟ್ಟಿದ್ದರೆ ಅಡ್ಡಡ್ಡ ಬಿರುಕುಗಳು, ಎದ್ದ ಬಣ್ಣದ ಚಕ್ಕೆಗಳು ಆಗ ಎದ್ದು ಕಾಣುತ್ತವೆ. ಅಝುರೈಟ್ ಖನಿಜದ ನೀಲಿ, ಮ್ಯಾಲಕೈಟ್ ಖನಿಜದ ಹಸಿರನ್ನು ಮೊದಲು ನೋಡಿ. ಅವುಗಳ ಕಣ ದಪ್ಪ, ಅಂಟು ಸಾಲದೆ ಪುಡಿಯಾಗುತ್ತವೆ. ಇಂಗಳೀಕದ ಕೆಂಪು ಅಷ್ಟು ಕಾಡುವುದಿಲ್ಲ.

ಚಕ್ಕೆ ಕೂರಿಸಿದ ಮೇಲೆಯೇ ದೂಳು ತೆಗೆಯುವುದು. ಕ್ರಮ ತಪ್ಪಿದರೆ ದೂಳಿನ ಜೊತೆ ಬಣ್ಣವೂ ಬ್ರಷ್‌ಗೆ ಬರುತ್ತದೆ. ಚಕ್ಕೆ ಕೂರಿಸಲು 100 ಮಿ.ಲೀ. ನೀರಿಗೆ 1 ಗ್ರಾಂ ಮೀನಿನ ಅಂಟು, ಸುಮಾರು 40 ಡಿಗ್ರಿ ಬಿಸಿ. ಕುದಿಸಿದರೆ ಅಂಟಿನ ಕಸುವು ಹೋಯಿತು. ಅತಿ ಸಣ್ಣ ಬ್ರಷ್‌ನ ತುದಿಯಿಂದ ಚಕ್ಕೆಯ ಅಡಿಗಷ್ಟೇ ಬಿಡಬೇಕು, ಮೇಲೆ ಸವರಬಾರದು. ನೀರು ಸೋಕುವುದು ಇಲ್ಲಿ ಮಾತ್ರ, ಅದೂ ಮೂಲೆಯಲ್ಲಿ ಪರೀಕ್ಷಿಸಿ. ಆಮೇಲೆ ಮೆತ್ತನೆಯ ಮೇಕೆಕೂದಲಿನ ಬ್ರಷ್, ಬಾಯಿಗೆ ಬಲೆ ಕಟ್ಟಿದ ಕಡಿಮೆ ವೇಗದ ವ್ಯಾಕ್ಯೂಮ್.

ಬೆಣ್ಣೆದೀಪದ ಮಸಿ ಜಿಡ್ಡು ಬೆರೆತದ್ದು. ಒಣ ರಬ್ಬರ್ ಸ್ಪಂಜು ರೇಷ್ಮೆ ಅಂಚಿನ ಮಸಿಗೆ ಸರಿ, ಪುಡಿಯಾಗುವ ಬಣ್ಣಕ್ಕಲ್ಲ. ಬ್ರೆಡ್ಡು, ಆಲೂಗಡ್ಡೆ ಉಜ್ಜುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಉಳಿದ ಪಿಷ್ಟಕ್ಕೆ ಬೂಷ್ಟು, ಹುಳ ಎರಡೂ ಬರುತ್ತವೆ.

ಚಪ್ಪಟೆಯಾಗಿ ಇಡುವುದೇ ಒಳ್ಳೆಯದು. ಜಾಗವಿಲ್ಲದಿದ್ದರೆ ಕನಿಷ್ಠ 15 ಸೆಂ.ಮೀ. ವ್ಯಾಸದ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಚಿತ್ರ ಹೊರಮುಖವಾಗಿ ಸಡಿಲವಾಗಿ ಸುತ್ತಿ. ಜೂನ್‌ನಿಂದ ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಶುರು. ಹೊರಗೋಡೆಗೆ ತಾಗಿಸಿ ತೂಗುಹಾಕಬೇಡಿ, ಬೆಳಕು 50 ಲಕ್ಸ್ ಮೀರದಿರಲಿ.