ಮಕ್ಕಳ ಮಾತು ಕೇಳಿ ಪ್ರಾಜೆಕ್ಟ್ ಕೆಲಸ ಬದಲಿಸಿದ್ದು

ನಾನು ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತೇನೆ. ಮಾಹಿತಿ ಹುಡುಕುವುದು, ಅದು ನಿಜವಾ ಅಂತ ನೋಡುವುದು, ಎಲ್ಲಿಂದ ತೆಗೆದುಕೊಂಡೆವು ಅಂತ ಬರೆಯುವುದು, ಇವನ್ನೆಲ್ಲ ಮಕ್ಕಳಿಗೆ ಕಲಿಸುವ ಕೆಲಸವೂ ನನ್ನದೇ. ಈ ಸಲ ಪಾಠ ಶುರು ಮಾಡುವ ಮೊದಲು ಅವರನ್ನೇ ಕೇಳಿದೆ: ಪ್ರಾಜೆಕ್ಟ್ ಮಾಡುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ? ಚೀಟಿಯಲ್ಲಿ ಹೆಸರು ಬೇಡ ಎಂದೆ. ಹೆಸರಿದ್ದರೆ ಟೀಚರ್‌ಗೆ ಇಷ್ಟವಾಗುವ ಉತ್ತರವನ್ನೇ ಬರೆಯುತ್ತಾರೆ, ಅಲ್ವಾ?

ಹುಡುಕುವುದು ಕಷ್ಟ ಅಂದವರು ಕಡಿಮೆ. "ಎಲ್ಲಾ ಸಿಗುತ್ತೆ, ಯಾವುದು ಬೇಕು ಅಂತಾನೇ ಗೊತ್ತಾಗಲ್ಲ" ಎಂದವರೇ ಜಾಸ್ತಿ. "ಓದಿದಷ್ಟೂ ಗೊಂದಲ" ಅಂತಲೂ ಕೆಲವರು ಬರೆದಿದ್ದರು. ಅಮೆರಿಕದ ಲೈಬ್ರರಿ ಸಂಶೋಧಕಿ ಕ್ಯಾರಲ್ ಕೂಲ್ಥೌ 1980ರ ದಶಕದಲ್ಲಿ ಹೈಸ್ಕೂಲ್ ಮಕ್ಕಳಲ್ಲಿ ಕಂಡಿದ್ದೂ ಇದನ್ನೇ. ವಿಷಯ ಆರಿಸಿಕೊಂಡಾಗ ಹುರುಪಿರುತ್ತದೆ, ಓದಲು ಕೂತ ಮೇಲೆ ಗಲಿಬಿಲಿ ಏರುತ್ತದೆ. ಇದನ್ನು ಮಕ್ಕಳಿಗೆ ಹೇಳಿದಾಗ ಅವರಿಗೆ ದೊಡ್ಡ ಸಮಾಧಾನ. ತಮಗೆ ಮಾತ್ರ ಹೀಗೆ ಅಂದುಕೊಂಡಿದ್ದರು.

ಹಾಗಾಗಿ ನನ್ನ ಸಮಯವನ್ನೆಲ್ಲ ಆ ನಡುವಿನ ಹಂತಕ್ಕೆ ಕೊಟ್ಟೆ. ಮೊದಲು ಸುಮ್ನೆ ಓದಿ, ಏನನ್ನೂ ನಕಲು ಮಾಡಿಕೊಳ್ಳಬೇಡಿ ಎಂದೆ. ಆಮೇಲೆ ಒಬ್ಬೊಬ್ಬರ ಪಕ್ಕ ಕೂತು ಪ್ರಶ್ನೆ ಕಟ್ಟಿದೆವು. ಒಬ್ಬಳು 'ಪ್ಲಾಸ್ಟಿಕ್' ಅಂತ ಬರೆದುಕೊಂಡು ಬಂದಿದ್ದಳು. ಅದರಲ್ಲಿ ನಿನಗೆ ಏನು ತಿಳಿಯಬೇಕು ಅಂತ ಕೇಳುತ್ತಾ ಹೋದೆ. "ಬಿಸಾಡಿದ ನೀರಿನ ಬಾಟಲಿ ಮತ್ತೆ ಬಾಟಲಿ ಆಗುತ್ತಾ?" ಎಂದಳು. ಈಗ ಯಾವ ಪುಟ ಬೇಕು, ಯಾವುದು ಬೇಡ ಅಂತ ಅವಳೇ ತೀರ್ಮಾನಿಸಬಲ್ಲಳು.

ನಂಬಿಕೆಯ ವಿಷಯದಲ್ಲಿ ಮಕ್ಕಳು ನೇರವಾಗಿದ್ದರು: ನೋಡೋಕೆ ಚೆನ್ನಾಗಿರುವ ಸೈಟನ್ನು ನಂಬುತ್ತಾರೆ. ದೊಡ್ಡವರೂ ಅಷ್ಟೇ. ಸುದ್ದಿ ಪರಿಶೀಲಿಸುವವರು ಮಾತ್ರ ಆ ಪುಟದಲ್ಲೇ ಕೂರದೆ ಬೇರೆ ಟ್ಯಾಬ್ ತೆರೆದು, ಇದನ್ನು ನಡೆಸುವವರು ಯಾರು ಅಂತ ಮೊದಲು ನೋಡುತ್ತಾರೆ. ಅದನ್ನೇ ಅಭ್ಯಾಸ ಮಾಡಿಸಿದೆ.

ನನ್ನನ್ನು ಹೆಚ್ಚು ಕಾಡಿದ ಚೀಟಿ ಒಂದಿತ್ತು: "ಕೊನೆಗೆ ಚಾರ್ಟ್‌ಗೆ ತಾನೇ ಮಾರ್ಕ್ಸು?" ನ್ಯಾಯವಾದ ಮಾತು. ಹುಡುಕಾಟಕ್ಕೆ ಬೆಲೆಯೇ ಇಲ್ಲದಿದ್ದರೆ ಮಕ್ಕಳು ಅದಕ್ಕೆ ಯಾಕೆ ಸಮಯ ಕೊಡಬೇಕು? ವಿಜ್ಞಾನದ ಮೇಷ್ಟ್ರ ಜೊತೆ ಮಾತಾಡಿ ಒಂದಷ್ಟು ಅಂಕವನ್ನು ಹುಡುಕಾಟದ ಪುಸ್ತಕಕ್ಕೆ ಇಟ್ಟೆವು. ಉದ್ದ ಬರೆಯಬೇಕಿಲ್ಲ. ಏನನ್ನು ಹುಡುಕಿದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ, ಇಷ್ಟಿದ್ದರೆ ಸಾಕು. ಆ "ಯಾಕೆ ಬಿಟ್ಟೆ" ಅನ್ನುವ ಸಾಲನ್ನೇ ನಾನು ಮೊದಲು ಓದುತ್ತೇನೆ.